ಕೈಜಮ್ಮನ ಹೊಗೆ

ಮಳೆಗಾಲದಿಂದ ತಣ್ಣಗಿದ್ದ ಇಟ್ಟಿಗೆ ಗೂಡಿನ ಚಿಮಣಿಯಿಂದ ಕಪ್ಪು ಹೊಗೆ ಏಳುವುದನ್ನು ಕಂಡು ಜಸೀನಾ ಸ್ಕೂಟರನ್ನು ಗೇಟಿನಲ್ಲೇ ಬಿಟ್ಟು ಓಡಿದಳು. ಗೂಡಿನ ಬಾಯಿಯ ಮುಂದೆ ಅವಳ ತಾಯಿ ಕೈಜಮ್ಮ ಕುಕ್ಕರುಗಾಲಿನಲ್ಲಿ ಕುಳಿತು ಹಸಿ ತೆಂಗಿನ ಸಿಪ್ಪೆಗಳನ್ನು ಒಂದೊಂದಾಗಿ ಒಳಗೆ ತಳ್ಳುತ್ತಿದ್ದಳು. ಮುಖದಲ್ಲಿ ಹಬ್ಬದ ಅಡುಗೆಗೆ ನಿಂತವಳ ಸಡಗರ.

“ಉಮ್ಮಾ, ಎಂತ ಮಾಡ್ತಾ ಇದ್ದೀರಿ?”

“ಕಣ್ಣು ಕಾಣುದಿಲ್ವಾ? ಹೊಗೆ ಮಾಡ್ತಾ ಇದ್ದೇನೆ.”

“ಒಳಗೆ ಸುಡ್ಲಿಕ್ಕೆ ಒಂದು ಇಟ್ಟಿಗೆ ಇಲ್ಲ!”

“ಅದು ಒಳಗಿನ ವಿಷಯ. ಪೇಟೆಯವರಿಗೆ ಕಾಣುದು ಹೊರಗಿನದ್ದು.”

ಮಾತಿನಲ್ಲಿ ಸುಳ್ಳಿರಲಿಲ್ಲ. ಸೀತಾಂಗೋಳಿಯ ಲಾರಿ ಚಾಲಕರು ಜೇಬಿನಲ್ಲಿ ಮೊಬೈಲು ಇದ್ದರೂ ಫೋನು ಮಾಡಿ ವಿಚಾರಿಸುವವರಲ್ಲ. ಜಂಕ್ಷನ್ನಿನಲ್ಲಿ ಚಹಾ ಕುಡಿಯುತ್ತ ಕತ್ತೆತ್ತಿ ಚಿಮಣಿ ನೋಡುವವರು. ಹೊಗೆ ಕಪ್ಪಿದ್ದರೆ ಇಟ್ಟಿಗೆ ಬೇಯುತ್ತಿದೆ, ಬೆಳ್ಳಗಾದರೆ ಲೋಡು ತಯಾರು, ಹೊಗೆಯೇ ಇಲ್ಲದಿದ್ದರೆ ಕಾರ್ಖಾನೆ ಬಾಗಿಲು ಹಾಕಿದೆ. ಕೈಜಮ್ಮನ ಗಂಡ ಮೊಯಿನುದ್ದೀನ್ ಬ್ಯಾರಿ ಇದ್ದ ಕಾಲದಿಂದ ಹೀಗೆಯೇ ನಡೆದು ಬಂದಿತ್ತು. ಅವರು ತೀರಿಕೊಂಡ ಮೇಲೆ ಜಸೀನಾ ಗೂಡು ಆರಿಸಿ, ಕೆಂಪು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತುವ ಸುಡದ ಇಟ್ಟಿಗೆ ಶುರು ಮಾಡಿದಳು. ಬೆಂಕಿ ಬೇಡ, ನೆರಳಿನಲ್ಲಿಟ್ಟು ದಿನಾ ನೀರು ಚಿಮುಕಿಸಿದರೆ ಸಾಕು. ಲಾರಿಗಟ್ಟಲೆ ಸೌದೆ ಉಳಿಯಿತು, ನೆರೆಮನೆಯವರು ಒಣಹಾಕಿದ ಬಟ್ಟೆಗೆ ಮಸಿ ಕೂರುವುದು ನಿಂತಿತು. ಜೊತೆಗೇ “ಬ್ಯಾರಿಯ ಕಾರ್ಖಾನೆ ಬಂದ್ ಅಂತೆ” ಎಂಬ ಸುದ್ದಿ ಕುಂಬಳೆಯವರೆಗೂ ಹೋಯಿತು. ಒಳ್ಳೆಯ ಕೆಲಸ ಮಾಡಿ ದಿವಾಳಿ ಎನ್ನಿಸಿಕೊಳ್ಳುವ ಯೋಗ ಎಲ್ಲರಿಗೂ ಸಿಗುವುದಿಲ್ಲ.

ಶೆಡ್ಡಿನ ತುಂಬ ಇಟ್ಟಿಗೆ, ಒಯ್ಯುವವರಿಲ್ಲ. ಈ ತಿಂಗಳೂ ಹೀಗೇ ಆದರೆ ಮತ್ತೆ ಗೂಡಿಗೆ ಬೆಂಕಿ ಹಾಕುವುದೆಂದು ತಾಯಿ ಮಗಳ ನಡುವೆ ಮಾತಾಗಿತ್ತು. ಮಗಳಿಗೆ ಉಳಿದಿದ್ದ ಒಂದೇ ಆಸೆ ಕಂಟ್ರಾಕ್ಟರ್ ರೆಜಿನಾಲ್ಡ್. ಮೀಂಜದಲ್ಲಿ ಚರ್ಚಿನ ಶಾಲೆಗೆ ಅವರು ಹೊಸ ಕಟ್ಟಡ ಕಟ್ಟುತ್ತಿದ್ದರು. ಕಾರ್ಬನ್ ಕಡಿಮೆ ಮಾಡಬೇಕು, ಬೆಂಕಿಯಲ್ಲಿ ಸುಟ್ಟ ಇಟ್ಟಿಗೆ ಬೇಡವೇ ಬೇಡ ಎಂದು ಎಂಜಿನಿಯರರ ಕಟ್ಟಪ್ಪಣೆ. ಕಣ್ಣಾರೆ ನೋಡಿ ಆರ್ಡರ್ ಕೊಡುತ್ತೇನೆ ಎಂದಿದ್ದ ರೆಜಿನಾಲ್ಡ್ ಬರುವುದು ಇವತ್ತೇ.

“ಉಮ್ಮಾ, ಆರಿಸಿ ಅದನ್ನು! ಇವತ್ತು ರೆಜಿನಾಲ್ಡ್ ಬರ್ತಾರೆ ಅಂತ ಹೇಳಿದ್ದೆನಲ್ಲ?”

“ಅದಕ್ಕೇ ಮಾಡಿದ್ದು ಮೋಳೇ! ಬಂದವರಿಗೆ ಕಾರ್ಖಾನೆ ಸತ್ತ ಹಾಗೆ ಕಾಣ್ಬಾರ್ದಲ್ಲ?”

ಜಸೀನಾ ಕೊಡ ಹುಡುಕುವಷ್ಟರಲ್ಲಿ ಗೇಟಿನಲ್ಲಿ ಜೀಪು ನಿಂತಿತು. ರೆಜಿನಾಲ್ಡ್ ಇಳಿದು ಚಿಮಣಿಯ ತುದಿ ನೋಡಿದರು, ಅವಳ ಮುಖ ನೋಡಿದರು, ಮತ್ತೆ ಜೀಪಿನ ಬಾಗಿಲಿಗೆ ಕೈ ಹಾಕಿದರು.

“ಹೊಗೆ ಇಲ್ಲ ಅಂತ ಫಾದರ್‌ಗೆ ಮಾತು ಕೊಟ್ಟವ ನಾನು. ಇದು ಎಂತ, ಧೂಪವಾ?”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಿಜ ಹೇಳಿದರೆ ತಾಯಿಯ ಮಾನ ಹೋಗುತ್ತದೆ, ಸುಮ್ಮನಿದ್ದರೆ ಆರ್ಡರ್ ಹೋಗುತ್ತದೆ. ಅಷ್ಟರಲ್ಲಿ ಕೈಜಮ್ಮನೇ ಮಸಿ ಕೈಯನ್ನು ಸೆರಗಿಗೆ ಒರೆಸುತ್ತ ಬಂದು, ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆಯೇ ಕರೆದಳು.

“ಪೊರ್ಬುಗಳೇ, ಅವಳಿಗೆ ಬೈಬೇಡಿ. ಹೊಗೆ ನನ್ನದು. ಬನ್ನಿ, ನೋಡಿ.”

ಗೂಡಿನ ಬಾಯಿಗೆ ಕರೆದೊಯ್ದು ಬಗ್ಗಿಸಿ ತೋರಿಸಿದಳು. ಒಳಗೆ ಒಂದು ಗುಡ್ಡೆ ತೆಂಗಿನ ಸಿಪ್ಪೆ, ಅದರಾಚೆ ಬರೀ ಜೇಡರ ಬಲೆ.

“ಹೊಗೆ ಕಾಣದಿದ್ರೆ ನಾವು ಮುಳುಗಿದ್ದೇವೆ ಅಂತ ಜನ ಹೇಳ್ತಾರೆ. ನೀವೂ ಹಾಗೇ ಎಣಿಸಿ ವಾಪಸ್ ಹೋದ್ರೆ ಅಂತ ಹೆದರಿಕೆ ಆಯ್ತು.”

ರೆಜಿನಾಲ್ಡ್‌ಗೆ ಜೋರು ಕೆಮ್ಮು ಬಂತು. ಕೆಮ್ಮು ನಿಂತಾಗ ನೋಡಿದರೆ ಅವರು ನಗುತ್ತಿದ್ದರು. ಶೆಡ್ಡಿಗೆ ಹೋಗಿ ಒಂದು ಇಟ್ಟಿಗೆಯನ್ನು ಸೊಂಟದೆತ್ತರದಿಂದ ಕೆಳಗೆ ಬಿಟ್ಟರು. ಮೂಲೆ ಕೂಡ ಮುಕ್ಕಾಗಲಿಲ್ಲ.

“ನಾಡಿದ್ದಿನಿಂದ ಲೋಡು ಕಳಿಸಿ. ಮೊದ್ಲು ಆ ಬೆಂಕಿ ಆರಿಸಿ ಮಾರಾಯ್ರೆ.”

ಜಸೀನಾ ಕಣ್ಣೊರೆಸಿಕೊಂಡಳು. ಅಳು ಬಂದದ್ದು ಸಂತೋಷಕ್ಕೇ. ಪುಣ್ಯಕ್ಕೆ ಹೊಗೆಯ ನೆಪ ಇತ್ತು.

ಕೈಜಮ್ಮ ಗೂಡಿಗೆ ನೀರು ಸುರಿಯುತ್ತಿರುವಾಗ ಜಂಕ್ಷನ್ನಿನ ಚಾಲಕ ಕೃಷ್ಣಕುಮಾರನ ಲಾರಿ ಧಡಧಡ ಒಳಗೆ ಬಂತು. “ಹೊಗೆ ಕಂಡಿತು, ಹಾಗೆ ಬಂದೆ. ಶುರು ಮಾಡಿದ್ರಾ?”

“ನಿಲ್ಲಿಸಿದ್ದು ಯಾವಾಗ? ಇಟ್ಟಿಗೆ ರಾಶಿ ಉಂಟು ನೋಡಿ. ಹೊಗೆ ಮಾತ್ರ ಇಲ್ಲ,” ಎಂದಳು ಜಸೀನಾ.

“ಹೊಗೆ ಇಲ್ಲದಿದ್ರೆ ನಮಗೆ ಗೊತ್ತಾಗುದು ಹೇಗೆ ಮಾರಾಯ್ರೆ?”

ಜಸೀನಾ ಶೆಡ್ಡಿನ ರಾಶಿಯತ್ತ ನೋಡಿದಳು. ಒಂದು ಶಾಲೆ ಕಟ್ಟಿ ಮುಗಿಯುತ್ತದೆ. ಆಮೇಲೆ?

ಕೈಜಮ್ಮ ಖಾಲಿ ಕೊಡ ಕೆಳಗಿಟ್ಟು ಚಿಮಣಿಯನ್ನು ಬುಡದಿಂದ ತುದಿಯವರೆಗೆ ನೋಡಿದಳು. ಅದನ್ನು ಕಟ್ಟುತ್ತಿದ್ದಾಗ ದಿನಾ ಮಧ್ಯಾಹ್ನ ಗಂಡನಿಗೆ ಗಂಜಿ ತಂದುಕೊಟ್ಟವಳು ಅವಳು.

“ಇದನ್ನು ಬೀಳಿಸು, ಮೋಳೇ.”

“ಉಮ್ಮಾ! ಉಪ್ಪ ಕಟ್ಟಿಸಿದ್ದು!” ಜಸೀನಾಳಿಗೆ ಅದು ಅಪ್ಪನ ಗುರುತು.

“ಗೊತ್ತುಂಟು. ಶುಕ್ರವಾರ, ಜುಮಾ ಮುಗಿದ ಮೇಲೆ ಬೀಳಿಸು. ನಿಂತದ್ದನ್ನು ನೋಡ್ಲಿಕ್ಕೆ ಯಾರೂ ಬರುದಿಲ್ಲ, ಬೀಳುದನ್ನು ನೋಡ್ಲಿಕ್ಕೆ ಊರಿಗೆ ಊರೇ ಬರ್ತದೆ. ಬಂದವರಿಗೆಲ್ಲ ಚಾ ಕೊಡು. ಕೂತುಕೊಳ್ಲಿಕ್ಕೆ ನಿನ್ನ ಇಟ್ಟಿಗೆ ಹಾಕು.”