ಗೋಡೆಗೆ ಹೇಳುವ ಮಾತು

ಮನೆಯವರು ಗೋಡೆ ಮುಟ್ಟಿ "ಇವರು ನಮ್ಮವರು" ಅಂತ ಹೇಳದಿದ್ದರೆ ಆ ಊರಿನ ಕರೆಂಟು ಹೊರಗಿನವರ ಕೈ ಸುಟ್ಟೇ ಬಿಡುತ್ತಿತ್ತು. ಮೇನ್ ಆಫ್ ಮಾಡಿದರೂ ಅಷ್ಟೇ. ಅಡುಗೆಮನೆಯ ಸ್ವಿಚ್ ಬೋರ್ಡಿನಿಂದ ಹೊಗೆ ಏಳುತ್ತಿದ್ದರೂ ಪಂಕಜಮ್ಮ ಆ ಮಾತು ಹೇಳಲು ಒಪ್ಪಲಿಲ್ಲ. ಎಲೆಕ್ಟ್ರಿಷಿಯನ್ ದ್ಯಾವಪ್ಪ ಕೆಳಗೇರಿಯವನು. ಅವನನ್ನು ಹಿತ್ತಿಲ ಬಾಗಿಲಿಂದ ಒಳಗೆ ಕರೆದಿದ್ದಳು.

"ಹೇಳ್ರಮ್ಮ, ಬೆಂಕಿ ಹತ್ಕೊಳ್ಳುತ್ತೆ."

"ಗ್ಲೌಸ್ ಹಾಕ್ಕೊಂಡು ಮಾಡೋ. ನಮ್ಮವನು ಅನ್ನೋಕೆ ನೀನೇನು ನನ್ನ ತಮ್ಮನಾ?"

"ತಮ್ಮ ಆಗೋ ಆಸೆ ನಂಗೂ ಇಲ್ಲ. ಕೈ ಉಳಿದ್ರೆ ಸಾಕು."

ಬೋರ್ಡು ಚಟಪಟ ಅಂದಿತು. ಗೋಡೆಗೆ ಮನಸ್ಸು ಎಲ್ಲಿ ತಿಳಿಯುತ್ತೆ ಅಂದುಕೊಂಡ ಪಂಕಜಮ್ಮ, ಬೆರಳ ತುದಿ ತಾಗಿಸಿ, "ಇವರು ನಮ್ಮವರು" ಎಂದು ಉಗುಳಿದಂತೆ ಅಂದಳು.

ದ್ಯಾವಪ್ಪ ಟೆಸ್ಟರ್ ಹತ್ತಿರ ತಂದ. ನೀಲಿ ಕಿಡಿ ಅವನ ಮೇಲೆ ಹಾರಿತು. ಅವನು ಹಿಂದೆ ಸರಿದು ಟೆಸ್ಟರನ್ನು ಜೇಬಿಗೆ ಸೇರಿಸಿದ.

"ಕರೆಂಟು ನಂಬಲಿಲ್ಲ ಬಿಡಿ. ನಿಮ್ಮವರನ್ನೆಲ್ಲ ಕರ್ಕೊಂಡು ಹೊರಗೆ ಬನ್ನಿ, ಮನೆ ಉಳಿಯಲ್ಲ."