ಅಂಗಳದ ಬೋರ್ಡು

ಇಪ್ಪತ್ತು ವರ್ಷ 'ಹೊರಗಿನವರು ಸಾಕು' ಎಂಬ ಒಂದೇ ಮಾತು ಹೇಳಿ ಆ ಬ್ರಿಟಿಷ್ ನಾಯಕ ಊರೂರನ್ನು ಇಬ್ಭಾಗ ಮಾಡಿದ್ದ. ಗುರುಸಿದ್ಧ ಲಂಡನ್ನಿನ ತನ್ನ ಮನೆಯಂಗಳದಲ್ಲಿ ಅವನದೇ ಚುನಾವಣಾ ಬೋರ್ಡು ನೆಡುತ್ತಿದ್ದ.

"ನಮ್ಮವ್ವನ ವೀಸಾ ಇನ್ನೂ ಬಂದಿಲ್ರಿ. ಇವ ಗೆದ್ರ ಆಕಿ ಧಾರವಾಡದಾಗ ಉಳೀತಾಳ," ಎಂದಳು ಹೆಂಡತಿ.

"ನಾವು ಒಳಗ ಬಂದೇವಲ್ಲ, ಇನ್ನ ಬಾಗಿಲಾ ಹಾಕ್ಲಿ ಬಿಡು."

ಅಷ್ಟರಲ್ಲಿ ಅದೇ ಪಕ್ಷದ ಇಬ್ಬರು ಕಾರ್ಯಕರ್ತರು ಓಡಿಬಂದರು.

"ನಮ್ಮ ಬೋರ್ಡು ಕೀಳ್ತೀಯಾ? ಪೊಲೀಸರನ್ನು ಕರೀತೀವಿ!"

"ಇಲ್ಲ, ನೆಡ್ತಿದ್ದೆ! ನಾನು ನಿಮ್ಮವನೇ!"

ಅವರು ಅವನ ಮುಖ ನೋಡಿ ನಕ್ಕರು.

ಗುರುಸಿದ್ಧ ಹೆಂಡತಿಯ ಕಡೆ ತಿರುಗಿದ. "ಖರೇ ಏನಂತ ನೀನರ ಹೇಳ."

ಅವಳು ಅಂಗಳಕ್ಕಿಳಿದು ಬೋರ್ಡಿನ ಗೂಟವನ್ನು ಎರಡೂ ಕೈಯಿಂದ ಹಿಡಿದು, ಕಾರ್ಯಕರ್ತರಿಗೆ ಇಂಗ್ಲಿಷಿನಲ್ಲಿ ಹೇಳಿದಳು.

"ಕೀಳ್ತಾನೇ ಇದ್ದರು. ಒಬ್ಬರ ಕೈಲಿ ಆಗಲಿಲ್ಲ, ಅದಕ್ಕೇ ನಾನೂ ಬಂದೆ."