ಮೂವತ್ತೆರಡು ಕೋರ್

"ಇದನ್ನ ಮೀರಿಸೋ ಮೆಷಿನ್ ಈ ಆಫೀಸಿಗೆ ಬಂದ ದಿನ, ಇದನ್ನ ನಾನೇ ಹೊತ್ಕೊಂಡು ಹೋಗಿ ಹೊರಗಿಡ್ತೀನಿ ಅಕ್ಕಾ, ಮಾತು ಕೊಟ್ಟಿದೀನಿ," ಎಂದು ತಮ್ಮ ಹೇಳಿದ್ದು ಹನ್ನೊಂದು ವರ್ಷದ ಹಿಂದೆ. ಅಕ್ಕನದು ಮನೆಗಳ ನಕ್ಷೆ ಮಾಡುವ ಆಫೀಸು. ಅಲ್ಲಿನ ಕಂಪ್ಯೂಟರುಗಳ ಯೋಗಕ್ಷೇಮ ತಮ್ಮನದು. ಕಟ್ಟುವ ಮುಂಚೆಯೇ ಮನೆ ಹೇಗೆ ಕಾಣುತ್ತದೆಂದು ಚಿತ್ರ ಮೂಡಿಸುವ ಆ ಸರ್ವರನ್ನು ಹಟ ಹಿಡಿದು ತರಿಸಿದವನೂ ಅವನೇ. ಇವತ್ತು ಅಕ್ಕನ ಮಗಳು ತನ್ನ ಹೊಸ ಲ್ಯಾಪ್‌ಟಾಪನ್ನು ತಂದು ಸರ್ವರಿನ ಪಕ್ಕದಲ್ಲಿಟ್ಟು, ಸ್ಟೂಲು ಎಳೆದುಕೊಂಡು ಕೂತಳು.

"ಒಂದೇ ಚಿತ್ರ, ಎರಡರಲ್ಲೂ ಒಟ್ಟಿಗೆ ಹಚ್ಚೋಣ ಮಾವ. ಯಾವುದು ಮೊದಲು ಮುಗಿಸುತ್ತೋ ನೋಡೇಬಿಡೋಣ."

"ತೊಡೆ ಮೇಲೆ ಇಟ್ಕೊಳ್ಳೋ ಸಾಮಾನು ತಂದು ಇದರ ಜೊತೆ ಪಂದ್ಯ ಕಟ್ತೀಯಲ್ಲೇ! ಇದರಲ್ಲಿ ಎರಡು ಪ್ರೊಸೆಸರ್ ಇದೆ. ಒಟ್ಟು ಮೂವತ್ತೆರಡು ಕೋರ್. ಅಂದ್ರೆ ಮೂವತ್ತೆರಡು ಜನ ಒಂದೇ ಸಲ ಕೂತು ಕೆಲಸ ಮಾಡಿದ ಹಾಗೆ. ನಿಂದರಲ್ಲಿ ಎಷ್ಟು?"

"ಎಂಟು. ಆದ್ರೆ ನನ್ನ ಎಂಟು ಜನ ಚುರುಕು."

ಗಾಜಿನ ಕಿಟಕಿ, ಮರದ ಮೆಟ್ಟಿಲು, ಮೆಟ್ಟಿಲ ಮೇಲೆ ಬಿಸಿಲು ಇರುವ ಒಂದು ಚಿತ್ರವನ್ನು ಎರಡಕ್ಕೂ ಕೊಟ್ಟರು. ಸರ್ವರು ಇನ್ನೇನು ಮೇಲಕ್ಕೆ ಹಾರಿಯೇಬಿಡುತ್ತದೆ ಎನ್ನುವ ಹಾಗೆ ಭೋರೆಂದಿತು. ತಮ್ಮನಿಗೆ ಆ ಸದ್ದು ಕೇಳಿಯೇ ಅರ್ಧ ಗೆದ್ದಂತಾಯಿತು. ಗದ್ದಲ ಮಾಡುವವರೇ ದುಡಿಯುವವರು ಎಂದು ಅವನು ಆಫೀಸಿನಲ್ಲಿ ಇಷ್ಟು ವರ್ಷ ಎಲ್ಲರನ್ನೂ ನಂಬಿಸಿದ್ದ. ಹನ್ನೆರಡನೇ ನಿಮಿಷಕ್ಕೆ ಲ್ಯಾಪ್‌ಟಾಪು ಸದ್ದಿಲ್ಲದೆ ಚಿತ್ರ ಮುಗಿಸಿ ಕೂತಿತು. ಸರ್ವರಿನ ಪರದೆಯಲ್ಲಿ ಒಂದು ತುಂಡು ಆಕಾಶ ಮತ್ತು ಅರ್ಧ ಕಿಟಕಿ ಮೂಡಿದ್ದವು.

"ಮಾವ, ನಿನ್ನ ಮೂವತ್ತೆರಡು ಜನ ಊಟಕ್ಕೆ ಹೋಗಿದಾರಾ?"

"ಸ್ವಲ್ಪ ಬಿಸಿಯಾಗಬೇಕು ಕಣೇ. ದೊಡ್ಡ ಮೆಷಿನ್ನು."

"ನಂಗೆ ಬುದ್ಧಿ ಬಂದಾಗಿಂದ ಬಿಸಿಯಾಗ್ತಾನೇ ಇದೆ." ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಹತ್ತನೇ ಕ್ಲಾಸಲ್ಲಿ ನಾಟಕ ಮಾಡಿದ್ದೆ, ನೆನಪಿದೆಯಾ? ನೀನು ಬಂದಿದ್ದೆ. ಅಮ್ಮ ಬರಲಿಲ್ಲ. 'ಚಿತ್ರ ಬರ್ತಾ ಇದೆ, ಈಗ ಬಂತು, ಈಗ ಬಂತು' ಅಂತ ಇದರ ಮುಂದೆ ಕೂತು ಫೋನ್ ಮಾಡ್ತಾನೇ ಇದ್ಲು, ಪರದೆ ಬೀಳೋವರೆಗೂ. ಇರು, ಕರ್ಕೊಂಡು ಬರ್ತೀನಿ ಅವಳನ್ನ. ಕಣ್ಣಾರೆ ನೋಡ್ಲಿ," ಎಂದು ಎದ್ದುಹೋದಳು.

ಎಲ್ಲಿ ಸಿಕ್ಕಿಹಾಕಿಕೊಂಡಿದೆಯೆಂದು ನೋಡಲು ತಮ್ಮ ಸರ್ವರಿನ ಇನ್ನೊಂದು ಪರದೆ ತೆರೆದ. ಕೋರಿಗೊಂದರಂತೆ ಮೂವತ್ತೆರಡು ಚೌಕಗಳು ಕಾಣಬೇಕಿತ್ತು. ನಾಲ್ಕು ಇದ್ದವು. ನಾಲ್ಕೂ ತುಂಬಿ, ಮೇಲುಸಿರು ಬಿಡುತ್ತಿದ್ದವು.

ತಮ್ಮ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಎಣಿಸಿದ. ನಾಲ್ಕನ್ನು ಎಣಿಸಲು ಕನ್ನಡಕ ಬೇಕಿರಲಿಲ್ಲ. ಏಳು ವರ್ಷದ ಹಿಂದಿನ ಬೇಸಿಗೆ ನೆನಪಾಯಿತು: ಈ ಕೋಣೆಯ ಎಸಿ ಕೆಟ್ಟಿತ್ತು, ಸರ್ವರು ಕಾದು ಕಾದು ತಾನಾಗಿಯೇ ನಿಂತುಹೋಗುತ್ತಿತ್ತು. ಕಾವು ಇಳಿಯಲೆಂದು, 'ಎರಡು ದಿನದ ಮಟ್ಟಿಗೆ' ಎಂದುಕೊಂಡು ಅವನೇ ಸೆಟ್ಟಿಂಗಿಗೆ ಹೋಗಿ ಇಪ್ಪತ್ತೆಂಟು ಕೋರುಗಳನ್ನು ಬಂದ್ ಮಾಡಿದ್ದ. ನಾಲ್ಕನೇ ದಿನ ಎಸಿ ಸರಿಹೋಯಿತು. ತಣ್ಣನೆಯ ಗಾಳಿ ಬೀಸಿದ್ದೇ ತಡ, ಮಹಾಶಯನಿಗೆ ಮಿಕ್ಕಿದ್ದೆಲ್ಲ ಮರೆತೇಹೋಯಿತು. ಅಂದಿನಿಂದ ಯಾರು ಬಂದು 'ಯಾಕೆ ಇಷ್ಟು ತಡ' ಎಂದರೂ ಕೂರಿಸಿಕೊಂಡು, ಬಿಸಿಲಿನ ಒಂದೊಂದು ಕಿರಣವನ್ನೂ ಹೇಗೆ ಲೆಕ್ಕ ಹಾಕಬೇಕಾಗುತ್ತದೆಂದು ಅರ್ಧ ಗಂಟೆ ಪಾಠ ಮಾಡಿದ್ದ. ಹೊಸದಾಗಿ ಸೇರಿದವರು ಅದನ್ನು ಬರೆದುಕೊಂಡಿದ್ದೂ ಉಂಟು.

ಈಗಲೂ ಒಂದು ಸೆಟ್ಟಿಂಗು ಬದಲಿಸಿ ಮತ್ತೆ ಹಚ್ಚಿದರಾಯಿತು. ಮನಸ್ಸಿನಲ್ಲೇ ಲೆಕ್ಕ ಹಾಕಿದ: ಎಂಟು ನಿಮಿಷ, ಹೆಚ್ಚೆಂದರೆ ಒಂಬತ್ತು. ಲ್ಯಾಪ್‌ಟಾಪು ಸೋಲುತ್ತದೆ. ಸರ್ವರು ಉಳಿಯುತ್ತದೆ. ಆಮೇಲೆ ಅಕ್ಕ ಅವನ ಮುಖ ನೋಡುತ್ತಾ, 'ಹಾಗಾದ್ರೆ ಈ ಏಳು ವರ್ಷ?' ಎನ್ನುತ್ತಾಳೆ. ಬಾಗಿಲಲ್ಲಿ ಮಗಳು ನಿಂತಿರುತ್ತಾಳೆ.

ಹೆಜ್ಜೆ ಸದ್ದು ಕೇಳಿಸಿತು. ತಮ್ಮ ನಾಲ್ಕು ಚೌಕಗಳ ಪರದೆಯನ್ನು ಮುಚ್ಚಿದ.

"ಏನೋ, ಸೋತುಹೋಯ್ತಂತೆ?" ಅಕ್ಕ ಬಾಗಿ ಆ ಅರ್ಧ ಕಿಟಕಿಯನ್ನು ನೋಡಿದಳು.

"ಹೂಂ ಅಕ್ಕ. ವಯಸ್ಸಾಯ್ತಲ್ಲ ಅದಕ್ಕೆ."

"ಮೂವತ್ತೆರಡು ಕೋರ್ ಇದ್ದೂನಾ?" ಎಂದಳು ಮಗಳು.

"ಹಳೇ ಕೋರು," ಎಂದ ತಮ್ಮ, ಮತ್ತು ಇನ್ನೊಂದು ಪ್ರಶ್ನೆ ಬರುವ ಮೊದಲೇ ಪವರ್ ಬಟನ್ ಒತ್ತಿ ಹಿಡಿದ. ಭೋರ್ಗರೆತ ಇಳಿದು ಇಳಿದು ನಿಂತಿತು.

ಅಕ್ಕ ಸರ್ವರಿನ ತಲೆಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದಳು. "ಪಾಪ, ಇದನ್ನ ಎಷ್ಟು ಬೈದಿದೀನೋ ನಾನು. ಅದರ ಶಕ್ತಿ ಇದ್ದಿದ್ದೇ ಅಷ್ಟು, ಅದೇನು ಮಾಡುತ್ತೆ?" ಆಮೇಲೆ ತಮ್ಮನ ಭುಜ ತಟ್ಟಿ, "ನೀನೇನೂ ಮುಖ ಸಣ್ಣದು ಮಾಡ್ಕೋಬೇಡ. ಹೋಗ್ಲಿ ಬಿಡು, ಹೊರೋಕೆ ಯಾರನ್ನಾದ್ರೂ ಕರೆಸ್ತೀನಿ," ಎಂದಳು.

"ಬೇಡ. ನಾನೇ ಹೊರ್ತೀನಿ ಅಂದಿದ್ದೆ."

"ನೋಡು," ಅಕ್ಕ ಮಗಳ ಕಡೆ ತಿರುಗಿದಳು, "ನಿನ್ನ ಮಾವನ್ನ ನೋಡಿ ಕಲಿ. ಆಡಿದ ಮಾತು ಅಂದ್ರೆ ಮಾತು."

ತಮ್ಮ ಸರ್ವರನ್ನು ಎದೆಗಾನಿಸಿಕೊಂಡು ಎತ್ತಿದ. ಸೊಂಟ ಚಳಕ್ ಎಂದಿತು. ಅದು ನ್ಯಾಯವೇ ಅನ್ನಿಸಿತು. ಎರಡು ಮಹಡಿ ಇಳಿದು, ಗೇಟಿನ ಬಳಿ ಗುಜರಿಯವನು ಒಯ್ಯಲೆಂದು ರಾಶಿ ಹಾಕಿದ್ದ ಮುರುಕು ಕುರ್ಚಿಗಳ ಪಕ್ಕ ಅದನ್ನು ಇಳಿಸಿದ. ಅದರ ಮೈ ಇನ್ನೂ ಬಿಸಿ ಇತ್ತು.

ಕೊಟ್ಟ ಮಾತು ಉಳಿಸಿಕೊಂಡ.